ಎಲುಬಿನಲ್ಲಿ ಉಳಿಯುವ ಬಾಲ್ಯ

(ಧಾರವಾಡ ಜಿಲ್ಲೆಯ ತಿರ್ಲಾಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ದತ್ತಿಯ ಉಪನ್ಯಾಸವೆಂದರೆ ಸಾಹಿತ್ಯವನ್ನೋ ಧರ್ಮವನ್ನೋ ಶರಣರ ಚರಿತ್ರೆಯನ್ನೋ ಕುರಿತದ್ದಾಗಿರಬೇಕೆಂಬುದು ನಮ್ಮ ಕಡೆಯ ರೂಢಿಯಾಗಿರಲು, ವಿಷಯವನ್ನಾರಿಸುವ ಸ್ವಾತಂತ್ರ್ಯವನ್ನು ನನಗೇ ಬಿಟ್ಟುಕೊಟ್ಟ ತಮ್ಮ ಔದಾರ್ಯವನ್ನು ವೈದ್ಯವೃತ್ತಿಯವನಾದ ನಾನು ಎಲುಬಿನಂತಹ ಶುಷ್ಕ ವಸ್ತುವಿಗೆ ವ್ಯಯಿಸುತ್ತಿರುವೆನೆಂದು ತಮ್ಮಲ್ಲಿ ಕೆಲವರಿಗಾದರೂ ಅನಿಸೀತು. ಆದರೆ ಎಲುಬು ಶುಷ್ಕ ವಸ್ತುವಲ್ಲ. ಹುಟ್ಟಿದಂದಿನಿಂದ ಸಾಯುವವರೆಗೆ ಒಡೆಯುತ್ತ ಕಟ್ಟುತ್ತ ಇರುವ ಸಜೀವ ಧಾತು ಅದು. ಬಾಲ್ಯದಲ್ಲಿ ಅದಕ್ಕೆ ದೊರೆತದ್ದೇನು, ದೊರೆಯದೆ ಹೋದದ್ದೇನು ಎಂಬುದು ಅರವತ್ತು ವರ್ಷಗಳ ಮೇಲೆಯೂ ಅದರಲ್ಲಿ ತೋರಿಬರುತ್ತದೆ. ಎಳೆತನದಲ್ಲಿ ಡಿ ಜೀವಸತ್ವದ ಕೊರತೆಯಾದರೆ ಆ ಕೊರತೆ ಎಳೆತನದೊಡನೆ ಮುಗಿದುಹೋಗುವುದಿಲ್ಲವೆಂಬುದು ನಾನು ಇಂದು ಹೇಳಬಯಸುವ ಮೊದಲನೆಯ ಮಾತು. ಜೋಳವನ್ನುಂಡು ಬಾಳುವ ನಮ್ಮ ಈ ಎರೆಭೂಮಿಯಲ್ಲಿ ಬಿಸಿಲಿನ ವಿಚಾರವನ್ನೂ ಸುಣ್ಣದ (ಕ್ಯಾಲ್ಸಿಯಮ್ಮಿನ) ವಿಚಾರವನ್ನೂ ಬೇರ್ಪಡಿಸಿ ನೋಡಲಾಗದೆಂಬುದು ಎರಡನೆಯ ಮಾತು.

ಎಲುಬು ಬೆಳೆಯುವ ಬಗೆಯನ್ನು ಮೊದಲು ತಿಳಿಯೋಣ. ಮಗುವಿನ ಕೈಕಾಲುಗಳ ನೀಳವಾದ ಎಲುಬುಗಳ ತುದಿಯ ಸಮೀಪದಲ್ಲಿ ಮೃದ್ವಸ್ಥಿಯ ತೆಳುವಾದ ಪದರವೊಂದಿದೆ, ಇದನ್ನು ವರ್ಧನಫಲಕವೆನ್ನಬಹುದು. ಇದರ ಜೀವಕಣಗಳು ಸಾಲುಸಾಲಾಗಿ ಹೆಚ್ಚಿ, ಉಬ್ಬಿ, ಕಾಲ ತೀರಿದಾಗ ತಾವಾಗಿ ಅಳಿದು, ಅಳಿದ ಸ್ಥಳದಲ್ಲಿ ಸುಣ್ಣವೂ ರಂಜಕವೂ (ಫಾಸ್ಫರಸ್) ನೆಲೆಗೊಂಡು ಗಟ್ಟಿಯಾದ ಎಲುಬು ಸಿದ್ಧವಾಗುವುದರಿಂದಲೇ ಮಗು ಎತ್ತರಕ್ಕೆ ಬೆಳೆಯುತ್ತದೆ. ಈ ಕಾರ್ಯಕ್ಕೆ ಬೇಕಾದ ಸುಣ್ಣವು ಅನ್ನದಿಂದ ಬರಬೇಕು. ಅನ್ನದಲ್ಲಿದ್ದ ಸುಣ್ಣವು ಕರುಳಿನಿಂದ ರಕ್ತಕ್ಕೆ ಸೇರಲು ಡಿ ಜೀವಸತ್ವ ಬೇಕು. ಅದು ಸಾಕಷ್ಟಿದ್ದರೆ ಉಂಡ ಸುಣ್ಣದಲ್ಲಿ ನೂರಕ್ಕೆ 30ರಿಂದ 40 ಪಾಲು ಮೈಗೆ ಹತ್ತುವುದು; ಇಲ್ಲವಾದರೆ 10ರಿಂದ 15 ಪಾಲು ಮಾತ್ರ. ರಕ್ತದಲ್ಲಿ ಸುಣ್ಣ ಇಳಿದೊಡನೆ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಎಚ್ಚತ್ತು, ಹೃದಯ ಮತ್ತು ನರಗಳ ವ್ಯಾಪಾರ ನಿಲ್ಲದಿರಲೆಂದು ಎಲುಬಿನಲ್ಲಿರುವ ಸುಣ್ಣವನ್ನೇ ಸೆಳೆದು ರಕ್ತಕ್ಕೆ ಕೊಡುತ್ತವೆ; ಜೊತೆಗೆ ರಂಜಕವನ್ನು ಮೂತ್ರದಲ್ಲಿ ಹೊರಕ್ಕೆ ಕಳುಹುತ್ತವೆ. ರಂಜಕವಿಲ್ಲದೆ ವರ್ಧನಫಲಕದ ಕಣಗಳು ಅಳಿಯಬೇಕಾದ ಕಾಲದಲ್ಲಿ ಅಳಿಯವು. ಮೃದ್ವಸ್ಥಿ ಅಡ್ಡಾದಿಡ್ಡಿಯಾಗಿ ಶೇಖರವಾಗುತ್ತದೆ. ಎಲುಬು ಗಟ್ಟಿಗೊಳ್ಳದೆ ಮೆತ್ತಗೆ ಉಳಿಯುತ್ತದೆ. ಆಗ ಮಗುವಿನ ಮಣಿಕಟ್ಟು ದಪ್ಪವಾಗುವುದು, ಪಕ್ಕೆಲುಬುಗಳ ತುದಿಯಲ್ಲಿ ಮಣಿ ಪೋಣಿಸಿದಂತೆ ಗಂಟುಗಳೇಳುವುದು, ನೆತ್ತಿ ಕೂಡಲು ತಡವಾಗುವುದು, ಹಲ್ಲು ಮೂಡಲು ತಡವಾಗುವುದು, ನಡೆಯಲು ತೊಡಗಿದೊಡನೆ ಮೈಭಾರಕ್ಕೆ ಕಾಲುಗಳು ಬಿಲ್ಲಿನಂತೆ ಬಾಗುವುದು ಅಥವಾ ಮೊಣಕಾಲುಗಳು ಒಳಸರಿದು ಒಂದನ್ನೊಂದು ತಾಗುವುದು – ಇವೆಲ್ಲ ರಿಕೆಟ್ಸ್ ಎಂಬ ರೋಗದ ಲಕ್ಷಣಗಳು. ವಯಸ್ಕರಲ್ಲಿ ಇದೇ ಕೊರತೆಯಿಂದಾಗುವುದು ಅಸ್ಥಿಮಾರ್ದವ.

ಈ ರೋಗದ ಚರಿತ್ರೆ ಬಿಸಿಲಿಲ್ಲದ ದೇಶಗಳಲ್ಲಿ ಆರಂಭವಾಗುತ್ತದೆ. 1645ರಲ್ಲಿ ಲೈಡನ್ ವಿಶ್ವವಿದ್ಯಾಲಯದಲ್ಲಿ ಡೇನಿಯಲ್ ವಿಸ್ಲರ್ ಎಂಬ ತರುಣನೂ, 1650ರಲ್ಲಿ ಲಂಡನ್ನಿನ ಫ್ರಾನ್ಸಿಸ್ ಗ್ಲಿಸನ್ನನೂ ಇದನ್ನು ವಿವರವಾಗಿ ವರ್ಣಿಸಿದರು. 1822ರಲ್ಲಿ ಪೋಲೆಂಡಿನ ಶ್ನ್ಯಾಡೆಟ್ಸ್ಕಿಯು ವಾರ್ಸಾ ನಗರದ ಮಕ್ಕಳಲ್ಲಿ ರೋಗ ಹೆಚ್ಚೆಂದೂ ಹಳ್ಳಿಯ ಮಕ್ಕಳಲ್ಲಿ ವಿರಳವೆಂದೂ ಕಂಡು, ಬಿಸಿಲೇ ಔಷಧವೆಂದು ಹೇಳಿದನು. ಆಗ ಯಾರೂ ಕೇಳಲಿಲ್ಲ. ಜಪಾನಿನಲ್ಲಿ ಕೆಲಸಮಾಡಿ ಬಂದಿದ್ದ ವೈದ್ಯ ಪಾದ್ರಿ ಥಿಯೊಬಾಲ್ಡ್ ಪಾಮ್ 1890ರಲ್ಲಿ ನಾನಾ ದೇಶಗಳಲ್ಲಿದ್ದ ವೈದ್ಯರಿಗೆ ಪತ್ರ ಬರೆದು ಸಂಗತಿಗಳನ್ನು ಕೂಡಿಹಾಕಿ, ಸೂರ್ಯನ ಬೆಳಕು ಕಡಮೆಯಾದಲ್ಲಿಯೇ ಈ ರೋಗವಿರುವುದೆಂದು ತೋರಿಸಿದನು. ಅದನ್ನೂ ಯಾರೂ ಮನಸ್ಸಿಗೆ ತಂದುಕೊಳ್ಳಲಿಲ್ಲ. 1919ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಮೆಲನ್ಬಿಯು ಓಟ್ಸಿನ ಗಂಜಿಯನ್ನುಣಿಸಿ ಮನೆಯೊಳಗೇ ಕೂಡಿಟ್ಟ ನಾಯಿಮರಿಗಳಲ್ಲಿ ರೋಗವನ್ನು ತರಿಸಿ, ಮೀನೆಣ್ಣೆಯಿಂದ ಅದನ್ನು ತಡೆಯಬಹುದೆಂದು ತೋರಿಸಿದನು. ಅದೇ ವರ್ಷ ಬರ್ಲಿನ್ನಿನ ಹುಲ್ಡ್‌ಶಿನ್ಸ್ಕಿಯು ಪಾದರಸದ ದೀಪದ ನೇರಳಾತೀತ ಕಿರಣಗಳಿಂದ ರೋಗಿಷ್ಠ ಮಕ್ಕಳನ್ನು ಗುಣಪಡಿಸಿದನು. ಒಂದು ತೋಳಿಗೆ ಮಾತ್ರ ಬೆಳಕು ಬಿಟ್ಟರೂ ಎರಡು ತೋಳುಗಳ ಎಲುಬೂ ಸಮವಾಗಿ ಗಟ್ಟಿಯಾದುವು. ಚರ್ಮದಲ್ಲಿ ಹುಟ್ಟಿದ ಯಾವುದೋ ಒಂದು ದ್ರವ್ಯ ರಕ್ತದಲ್ಲಿ ಸಂಚರಿಸಿ ಮೈಯೆಲ್ಲ ಕೆಲಸ ಮಾಡುತ್ತಿದೆಯೆಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ಪ್ರಮಾಣ ಬೇಕಿರಲಿಲ್ಲ. 1922ರಲ್ಲಿ ಮೆಕಾಲಮ್ ಅದಕ್ಕೆ ಡಿ ಎಂಬ ಅಕ್ಷರವನ್ನು ಕೊಟ್ಟನು.

ಇವೆಲ್ಲ ಮಂಜು ಮುಸುಕಿದ ನಾಡುಗಳ ಕಥೆ. ಸೂರ್ಯನ ಕೃಪೆಯಲ್ಲಿರುವ ನಮಗೆ ಇದರ ಗೊಡವೆಯೇಕೆಂದು ಕೇಳಬಹುದು. ತಿರ್ಲಾಪುರವು ಉತ್ತರ ಅಕ್ಷಾಂಶ ಹದಿನೈದೂವರೆ ಡಿಗ್ರಿಯ ಸಮೀಪದಲ್ಲಿದೆ. ಮೇ ತಿಂಗಳ ಆರಂಭದಲ್ಲೊಮ್ಮೆ, ಆಗಸ್ಟಿನ ನಡುವಿಗೆ ಸಮೀಪದಲ್ಲೊಮ್ಮೆ ಸೂರ್ಯನು ಇಲ್ಲಿ ನಡುನೆತ್ತಿಗೆ ಬರುತ್ತಾನೆ. ಪುಷ್ಯದ ಚಳಿಯಲ್ಲಿಯೂ ನಡುಹಗಲಿನ ನೆರಳು ಮನುಷ್ಯನ ಎತ್ತರಕ್ಕಿಂತ ಗಿಡ್ಡವಾಗಿಯೇ ಇರುತ್ತದೆ. ಲಂಡನ್ನಿನಲ್ಲಿ ಅಕ್ಟೋಬರಿನಿಂದ ಮಾರ್ಚಿನವರೆಗೆ ಚರ್ಮದಲ್ಲಿ ಈ ಜೀವಸತ್ವವು ಹುಟ್ಟುವುದೇ ಇಲ್ಲವೆಂಬಷ್ಟು ಕಡಮೆ. ನಮ್ಮಲ್ಲಿ ಹುಟ್ಟದ ತಿಂಗಳೇ ಇಲ್ಲ. ಇಷ್ಟಾಗಿಯೂ 2016ರಿಂದ 2018ರವರೆಗೆ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ, ನಮ್ಮ ದೇಶದ 1ರಿಂದ 4 ವರ್ಷದ ಮಕ್ಕಳಲ್ಲಿ ನೂರಕ್ಕೆ 14 ಮಂದಿ, 5ರಿಂದ 9 ವರ್ಷದವರಲ್ಲಿ 18 ಮಂದಿ, 10ರಿಂದ 19 ವರ್ಷದವರಲ್ಲಿ 24 ಮಂದಿ ಡಿ ಜೀವಸತ್ವದ ಕೊರತೆಯುಳ್ಳವರೆಂದು ಕಂಡುಬಂದಿತು. ವಯಸ್ಸೇರಿದಂತೆ ಕೊರತೆಯೂ ಏರುತ್ತಿರುವುದನ್ನು ತಾವು ಗಮನಿಸಬೇಕು.

ಆಕಾಶದಲ್ಲಿ ಬಿಸಿಲಿರುವುದೊಂದು, ಚರ್ಮಕ್ಕೆ ಬಿಸಿಲು ತಾಗುವುದು ಮತ್ತೊಂದು. ನಮ್ಮ ಧಾರವಾಡವು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1922ರಲ್ಲಿ, ಅದೇ ಪ್ರಾಂತದ ನಾಸಿಕದಲ್ಲಿ ಹಚಿಸನ್ ಮತ್ತು ಶಾ ಎಂಬ ವೈದ್ಯರು ಇದನ್ನು ಪರೀಕ್ಷಿಸಿದರು. ದಿನವಿಡೀ ಹೊರಗೆ ದುಡಿಯುತ್ತ ಮಕ್ಕಳನ್ನೂ ಬಯಲಲ್ಲೇ ಮಲಗಿಸುತ್ತಿದ್ದ ಬಡಜನರಲ್ಲಿ ರಿಕೆಟ್ಸ್ ಕಾಣದೆ, ಪರದೆಯ ಪದ್ಧತಿಯಿದ್ದ ಅನುಕೂಲಸ್ಥರ ಮನೆಗಳ ಕತ್ತಲೆಕೋಣೆಗಳಲ್ಲಿ ಬೆಳೆದ ಕೂಸುಗಳಲ್ಲಿಯೇ ಅದು ಕಾಣಬಂತು. ಐಶ್ವರ್ಯವೇ ರೋಗವನ್ನು ತಂದ ಉದಾಹರಣೆಯಿದು. ನಮ್ಮ ಬಾಣಂತಿಕೋಣೆಯನ್ನು ಇದರ ಬೆಳಕಿನಲ್ಲಿ ನೋಡಿರಿ. ಮಣ್ಣಿನ ದಪ್ಪ ಗೋಡೆ, ಮೇಲುಮುದ್ದೆಯ ಮಾಳಿಗೆ, ಒಂದೇ ಬೆಳಕಿಂಡಿ. ಹೊರಸಿನ ಕೆಳಗೆ ಕೆಂಡ, ಲೋಬಾನದ ಹೊಗೆ. ತಲೆಯಿಂದ ಕಾಲವರೆಗೆ ಸುತ್ತಿದ ಕೂಸು. ಗಾಳಿ ಸೋಕದಿರಲಿ, ದೃಷ್ಟಿ ತಾಗದಿರಲಿ ಎಂಬ ವಾತ್ಸಲ್ಯದಿಂದ ಹುಟ್ಟಿದ ಈ ಪದ್ಧತಿಯನ್ನು ಹೀಯಾಳಿಸುವುದು ನನ್ನ ಉದ್ದೇಶವಲ್ಲ. ಚಳಿಯಿಂದ ಕೂಸನ್ನು ಕಾಯ್ದದ್ದೂ ಅದೇ. ಆದರೆ ತಾಯಿಯಲ್ಲಿರುವುದಕ್ಕಿಂತ ಹೆಚ್ಚಿನ ಡಿ ಜೀವಸತ್ವವನ್ನು ಯಾವ ಕೂಸೂ ಹೊತ್ತು ಬರಲಾರದು; ಸರ್ವಶ್ರೇಷ್ಠವಾದ ಎದೆಹಾಲಿನಲ್ಲಿಯೂ ಈ ಒಂದು ದ್ರವ್ಯ ತೀರ ಅಲ್ಪ; ತಾಯಿಯೂ ಕೂಸೂ ಕತ್ತಲಲ್ಲಿದ್ದರೆ ಅದು ಬರುವುದಾದರೂ ಎಲ್ಲಿಂದ? ಎಣ್ಣೆ ಹಚ್ಚಿ ಎರೆದು ಎಳೆಬಿಸಿಲಿಗೆ ಹಿಡಿಯುವ ಅಜ್ಜಿಯಂದಿರ ಕ್ರಮ ಉಚಿತವಾದುದೇ. ಆದರೆ ಸೂರ್ಯನು ಓರೆಯಾಗಿರುವ ಆ ಹೊತ್ತಿನಲ್ಲಿ ಬೇಕಾದ ಕಿರಣಗಳು ನೆಲ ಮುಟ್ಟುವುದು ಸ್ವಲ್ಪವೇ. ನೆರಳು ತನ್ನ ಎತ್ತರಕ್ಕಿಂತ ಗಿಡ್ಡವಾದ ಹೊತ್ತಿನ ಬಿಸಿಲೇ ಈ ಕಾರ್ಯಕ್ಕೆ ಬರುವ ಬಿಸಿಲು.

ಮನೆಯೊಳಗಿನ ಬಾಳು ಕೂಸಿಗೆ ಮಾತ್ರ ಸೀಮಿತವಲ್ಲ. ಹನ್ನೆರಡು ತುಂಬಿದ ಹುಡುಗಿ ಅಂಗಳದ ಆಟ ಬಿಟ್ಟು ಒಳಗೆ ಸೇರುತ್ತಾಳೆ. ಜಗತ್ತೇ ಮೆಚ್ಚಿದ ನವಲಗುಂದದ ಜಮಖಾನೆಗಳನ್ನು ನೇಯುವ ಕೈಗಳೂ ಮನೆಯೊಳಗಿನ ಮಗ್ಗದ ಮುಂದೆಯೇ ದಿನ ಕಳೆಯತಕ್ಕ ಹೆಂಗಸರ ಕೈಗಳು. ಶಾಲೆ, ಮನೆಪಾಠ, ಮೊಬೈಲುಗಳ ನಡುವೆ ಗಂಡುಹುಡುಗರೂ ಈಗ ಹೊರಗೆ ಕಾಣುವುದು ಕಡಮೆಯಾಗಿದೆ. ಸಮುದ್ರ ದಾಟಿದ ನಮ್ಮವರಿಗೆ ಈ ಅಪಾಯ ಇನ್ನೂ ಹೆಚ್ಚು. ಬ್ರಿಟನ್ನಿಗೆ ವಲಸೆಹೋದ ಭಾರತ ಪಾಕಿಸ್ತಾನಗಳ ಕುಟುಂಬಗಳ ಮಕ್ಕಳಲ್ಲಿ 1960ರ ದಶಕದಿಂದಲೇ ಈ ರೋಗ ಕಾಣಿಸಿಕೊಂಡು, 1981ರಲ್ಲಿ ಅಲ್ಲಿಯ ಸರ್ಕಾರ ಅದನ್ನು ನಿಲ್ಲಿಸುವ ಆಂದೋಲನವನ್ನೇ ಹೂಡಬೇಕಾಯಿತು.

ಇನ್ನು ಎರಡನೆಯ ಮಾತು, ಸುಣ್ಣದ ವಿಚಾರ. ಮೆಲನ್ಬಿಯ ನಾಯಿಮರಿಗಳಿಗೆ ರೋಗ ತಂದುದರಲ್ಲಿ ಕತ್ತಲೆಯದು ಅರ್ಧ, ಓಟ್ಸಿನ ಗಂಜಿಯದು ಅರ್ಧ. ಕಾಳಿನ ಹೊಟ್ಟಿನಲ್ಲಿರುವ ಫೈಟಿಕ್ ಆಮ್ಲವು ಸುಣ್ಣವನ್ನು ಕಟ್ಟಿಹಿಡಿದು ಕರುಳಿನಿಂದ ಒಳಹೋಗಗೊಡುವುದಿಲ್ಲವೆಂಬುದು ಮುಂದೆ ತಿಳಿದುಬಂತು. ನಮ್ಮ ಹಿಂಗಾರಿ ಜೋಳದಲ್ಲಿಯೂ ಆ ಆಮ್ಲವುಂಟು. ಸುಣ್ಣವಾದರೋ ನೂರು ಗ್ರಾಮಿಗೆ 25ರಿಂದ 28 ಮಿಲಿಗ್ರಾಮಿನಷ್ಟೇ. ದಕ್ಷಿಣದವರು ಮುದ್ದೆ ಮಾಡುವ ರಾಗಿಯಲ್ಲಿ ಅದು 340ಕ್ಕೂ ಮಿಕ್ಕಿದೆ. ಹತ್ತು ಹನ್ನೆರಡು ವರ್ಷದ ಮಗುವಿಗೆ ದಿನಕ್ಕೆ 850 ಮಿಲಿಗ್ರಾಮು ಸುಣ್ಣ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿರ್ಣಯಿಸಿದೆ. 300 ಗ್ರಾಮು ಹಿಟ್ಟಿನ ರೊಟ್ಟಿಯನ್ನು ಅಷ್ಟು ವಯಸ್ಸಿನ ಮಗು ತಿಂದರೂ ಬರುವುದು 80ರ ಆಸುಪಾಸು. ಉಳಿದುದು ಹಾಲು ಮೊಸರು ಮಜ್ಜಿಗೆಗಳಿಂದ, ನುಗ್ಗೆಯ ಸೊಪ್ಪಿನಿಂದ, ಎಳ್ಳು ಗುರೆಳ್ಳುಗಳಿಂದ ಬರಬೇಕು. ನಮ್ಮ ಹಿರಿಯರ ತಾಟಿನಲ್ಲಿ ರೊಟ್ಟಿಯ ಪಕ್ಕದಲ್ಲಿ ಗಟ್ಟಿ ಮೊಸರೂ ಗುರೆಳ್ಳು ಹಿಂಡಿಯೂ ತಪ್ಪದೆ ಇದ್ದುವು. ಸಂಕ್ರಾಂತಿಯ ಸಜ್ಜೆರೊಟ್ಟಿಯ ಮೇಲೆ ಎಳ್ಳು ಒತ್ತಿರುತ್ತಿತ್ತು. ಈಗ ಎಮ್ಮೆಯ ಹಾಲು ಡೇರಿಗೆ ಹೋಗುತ್ತದೆ, ಮಗುವಿಗೆ ಚಹ ಬರುತ್ತದೆ.

ಬಿಸಿಲಿದ್ದರೂ ಸುಣ್ಣವಿಲ್ಲದೆ ಎಲುಬು ಬಾಗುವುದೆಂಬುದು ಬರಿಯ ತರ್ಕವಲ್ಲ. ಆಫ್ರಿಕದ ನೈಜೀರಿಯ ನಮ್ಮಂತೆಯೇ ಬಿಸಿಲ ನಾಡು; ಅಲ್ಲಿಯ ಮಕ್ಕಳು ಮೆಕ್ಕೆಜೋಳವೇ ಮುಂತಾದುವನ್ನುಂಡು, ಹಾಲು ಕಾಣದೆ, ರಿಕೆಟ್ಸಿಗೆ ತುತ್ತಾಗುತ್ತಿದ್ದರು. ಥ್ಯಾಚರ್ ಎಂಬ ವೈದ್ಯನೂ ಅವನ ಸಂಗಡಿಗರೂ 123 ಮಂದಿ ಮಕ್ಕಳ ಮೇಲೆ ನಡೆಸಿ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬರಿಯ ಡಿ ಜೀವಸತ್ವವನ್ನು ಕೊಟ್ಟವರಿಗಿಂತ ಸುಣ್ಣವನ್ನು ಕೊಟ್ಟವರೂ, ಸುಣ್ಣ ಮತ್ತು ಡಿ ಜೀವಸತ್ವ ಎರಡನ್ನೂ ಕೊಟ್ಟವರೂ ಹೆಚ್ಚು ಗುಣಹೊಂದಿದರು. ಅನ್ನದಲ್ಲಿ ಸುಣ್ಣ ಕಡಮೆಯಾದಾಗ ದೇಹವು ಡಿ ಜೀವಸತ್ವವನ್ನು ಬೇಗಬೇಗನೆ ವ್ಯಯಮಾಡುತ್ತದೆ. ಹೀಗೆ ಒಂದರ ಬಡತನ ಇನ್ನೊಂದರ ಬಡತನವನ್ನು ತರುತ್ತದೆ. ಜೋಳದ ನಾಡಿನವರಾದ ನಮಗೆ ಇದಕ್ಕಿಂತ ಹತ್ತಿರದ ಪಾಠ ಬೇರೆಯಿಲ್ಲ.

ಈಗ ಪ್ರಕೃತ ವಿಷಯದ ಹೃದಯಕ್ಕೆ ಬರುತ್ತೇನೆ. ಬಾಲ್ಯದ ಕೊರತೆಯಿಂದ ಮುಂದೆ ಉಳಿಯುವುದೇನು? ಮೊದಲು ಸಮಾಧಾನದ ಸಂಗತಿ: ನಾಲ್ಕೈದು ವರ್ಷದೊಳಗೆ ರೋಗವನ್ನು ಗುರುತಿಸಿ ಔಷಧ ಕೊಟ್ಟರೆ ಬಾಗಿದ ಕಾಲುಗಳು ಬಹುಮಟ್ಟಿಗೆ ತಾವೇ ನೇರವಾಗುತ್ತವೆ, ಬೆಳೆಯುವ ಎಲುಬಿಗೆ ತನ್ನನ್ನು ತಾನು ತಿದ್ದಿಕೊಳ್ಳುವ ಶಕ್ತಿಯಿದೆ. ವಯಸ್ಸೇರಿದಂತೆ ಆ ಶಕ್ತಿ ಕುಗ್ಗಿ, ಹುಡುಗಿಯರಲ್ಲಿ ಹದಿನಾಲ್ಕು ಹದಿನಾರರ, ಹುಡುಗರಲ್ಲಿ ಹದಿನಾರು ಹದಿನೆಂಟರ ಹೊತ್ತಿಗೆ ವರ್ಧನಫಲಕ ಮುಚ್ಚಿಹೋದಮೇಲೆ ಬಾಗಿದ್ದು ಬಾಗಿದ್ದೇ. ವಿದ್ಯೆಬುದ್ಧಿಗಳ ವಿಷಯದಲ್ಲಿ ನಾವು ಹೇಳುವ ಗಾದೆಯನ್ನು ಇಲ್ಲಿ ತಿರುವಿ ಹೇಳಬೇಕು: ಗಿಡವಾಗಿ ಬಗ್ಗಿದ್ದು ಮರವಾದಮೇಲೆ ನೆಟ್ಟಗಾಗದು. ಬೆಳವಣಿಗೆ ಉಳಿದಿರುವಾಗಲಾದರೆ ಫಲಕದ ಒಂದು ಮಗ್ಗುಲಿಗೆ ಸಣ್ಣ ಲೋಹಪಟ್ಟಿಯನ್ನು ತಿರುಪುಮೊಳೆಗಳಿಂದ ಕೂಡಿಸಿ ಇನ್ನೊಂದು ಮಗ್ಗುಲನ್ನು ಬೆಳೆಯಗೊಟ್ಟು ಕಾಲನ್ನು ಸರಿಪಡಿಸಬಹುದು; ಅನಂತರವಾದರೆ ಎಲುಬನ್ನು ಕತ್ತರಿಸಿ ಕೂಡಿಸುವ ದೊಡ್ಡ ಶಸ್ತ್ರಕ್ರಿಯೆಯೇ ಗತಿ.

ಹಾಗೆಯೇ ಬಿಟ್ಟ ಓರೆಗಾಲು ಹೊಲದ ಕೆಲಸಕ್ಕೆ ಒದಗಿದರೂ ಅದರ ಪರಿಣಾಮ ನಲವತ್ತು ಐವತ್ತರಲ್ಲಿ ಹೊರಬೀಳುತ್ತದೆ. ನೆಟ್ಟಗಿರುವ ಕಾಲಿನಲ್ಲಿ ಮೈಭಾರವು ಮೊಣಕಾಲಿನ ಎರಡು ಮಗ್ಗುಲಿಗೂ ಹಂಚಿಹೋದರೆ, ಬಾಗಿದ ಕಾಲಿನಲ್ಲಿ ಅದು ಒಂದೇ ಮಗ್ಗುಲಿನ ಮೇಲೆ ಬಿದ್ದು ಆ ಕಡೆಯ ಮೃದ್ವಸ್ಥಿ ಸವೆದು ಸಂಧಿವಾತವಾಗುತ್ತದೆ. ರೋಗ ದೀರ್ಘವಾಗಿದ್ದವರ ಎತ್ತರವೂ ಕುಂಠಿತವಾಗುತ್ತದೆ. ಹಲ್ಲುಗಳ ಕಥೆ ಇನ್ನೂ ಕಠಿನ: ಹಲ್ಲಿನ ಮೇಲಿನ ಬಿಳಿಯ ಕವಚವು ದವಡೆಯೊಳಗೆ ರೂಪುಗೊಳ್ಳುವ ಕಾಲದಲ್ಲಿ ಸುಣ್ಣ ಸಾಲದೆ ಹೋದರೆ ಗುಳಿಗಳು ಉಳಿಯುತ್ತವೆ, ಎಲುಬಿಗಿರುವ ತಿದ್ದಿಕೊಳ್ಳುವ ಶಕ್ತಿ ಆ ಕವಚಕ್ಕಿಲ್ಲವಾದ್ದರಿಂದ ಆ ಗುಳಿಗಳು ಜೀವಮಾನ ಪರ್ಯಂತ ಇರುತ್ತವೆ.

ಹೆಣ್ಣುಮಕ್ಕಳಲ್ಲಿ ಇದಕ್ಕೂ ಘೋರವಾದ ಪರಿಣಾಮವೊಂದುಂಟು. ಮೆತ್ತಗಿರುವ ಶ್ರೋಣಿಯ ಎಲುಬುಗಳು ಮೇಲಿನಿಂದ ಬೆನ್ನಿನ ಭಾರಕ್ಕೂ ಕೆಳಗಿನಿಂದ ತೊಡೆಗಳ ಒತ್ತಡಕ್ಕೂ ಸಿಕ್ಕಿ ಚಪ್ಪಟೆಯಾಗಿ, ಕೂಸು ಹೊರಬರತಕ್ಕ ದಾರಿ ಇಕ್ಕಟ್ಟಾಗುತ್ತದೆ. ಐದು ವರ್ಷದ ಹುಡುಗಿಗೆ ಆದದ್ದು ಇಪ್ಪತ್ತರ ಪ್ರಸವದಲ್ಲಿ ತಿಳಿಯುತ್ತದೆ. ಶಸ್ತ್ರಕ್ರಿಯೆಯ ಹೆರಿಗೆ ಸುಲಭವಾಗಿರದ ಕಾಲದಲ್ಲಿ ಯೂರೋಪಿನಲ್ಲಿಯೂ ಇಂಡಿಯದಲ್ಲಿಯೂ ಹೀಗೆ ತಡೆದ ಹೆರಿಗೆಗಳಲ್ಲಿ ತಾಯಿಯೂ ಕೂಸೂ ಸಾಯುತ್ತಿದ್ದುದು ಸಾಮಾನ್ಯವಾಗಿತ್ತು. 1930ರ ಸುಮಾರಿಗೆ ಡಾ. ಡಗ್ಮಾರ್ ವಿಲ್ಸನ್ ಎಂಬ ವೈದ್ಯೆ ಕಾಂಗ್ರಾ ಕಣಿವೆಯ ಹಳ್ಳಿಗಳಲ್ಲಿ ಮಕ್ಕಳ ರಿಕೆಟ್ಸನ್ನೂ ತಾಯಂದಿರ ಅಸ್ಥಿಮಾರ್ದವವನ್ನೂ ಒಟ್ಟಿಗೆ ಕಂಡು ವರದಿಮಾಡಿದರು. ಇಂದು ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗಳು ಇಲ್ಲಿಂದ ದೂರವಿಲ್ಲದಿರುವುದರಿಂದ ಪ್ರಾಣಹಾನಿ ತಪ್ಪಿದೆ. ಆದರೆ ಕೊರತೆಯುಳ್ಳ ತಾಯಿಯ ಕೂಸು ಕೊರತೆಯೊಡನೆಯೇ ಹುಟ್ಟುವ ಪರಂಪರೆಯನ್ನು ಯಾವ ಶಸ್ತ್ರಕ್ರಿಯೆಯೂ ಕಡಿಯಲಾರದು.

ಕಣ್ಣಿಗೆ ಕಾಣುವ ಯಾವ ಓರೆಯೂ ಇಲ್ಲದವರಿಗೂ ಒಂದು ಮಾತಿದೆ. ಮೈಯಲ್ಲಿ ಕೂಡಿಬರುವ ಎಲುಬಿನ ಮೊತ್ತ ಇಪ್ಪತ್ತೈದು ಮೂವತ್ತರ ಹೊತ್ತಿಗೆ ಶಿಖರವನ್ನು ಮುಟ್ಟಿ, ಅಲ್ಲಿಂದ ಇಳಿಯುತ್ತ ಹೋಗುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಆ ಇಳಿತ ವೇಗವಾಗಿರುತ್ತದೆ. ವಯಸ್ಕರ ಎಲುಬಿನಲ್ಲಿರುವ ಖನಿಜದ ಸುಮಾರು ನಾಲ್ಕನೆಯ ಒಂದು ಪಾಲು ಹರೆಯದಲ್ಲಿ ಎತ್ತರ ಸರ್ರನೆ ಏರುವ ಎರಡೇ ವರ್ಷಗಳಲ್ಲಿ ಶೇಖರವಾಗುವುದೆಂದು ಅಳೆದಿದ್ದಾರೆ. ಆ ಎರಡು ವರ್ಷಗಳಲ್ಲಿ ಹುಡುಗಿಯೊಬ್ಬಳು ಬಿಸಿಲನ್ನೂ ಹಾಲನ್ನೂ ಕಾಣದೆ ಹೋದರೆ ತನಗೆ ಸಲ್ಲತಕ್ಕ ಶಿಖರಕ್ಕಿಂತ ಕೆಳಗೇ ನಿಲ್ಲುತ್ತಾಳೆ. ಕೆಳಗಿನಿಂದ ಇಳಿಯತೊಡಗಿದವಳು ಎಲುಬು ಮುರಿಯುವ ಮಟ್ಟವನ್ನು ಬೇಗ ಮುಟ್ಟುತ್ತಾಳೆ. ಬಚ್ಚಲಲ್ಲಿ ಜಾರಿಬಿದ್ದ ಮುದುಕಿಯ ತೊಡೆಯೆಲುಬು ಮುರಿದಾಗ ನಾವು ಬಚ್ಚಲಿನ ಹಾಸುಗಲ್ಲನ್ನು ದೂರುತ್ತೇವೆ. ಆಕೆಯ ಹನ್ನೆರಡನೆಯ ವರ್ಷವನ್ನು ಯಾರೂ ನೆನೆಯುವುದಿಲ್ಲ.

ಆದರೆ ಬಾಗಿದ ಎಲುಬೆಲ್ಲ ಡಿ ಜೀವಸತ್ವದ ಕೊರತೆಯೇ ಅಲ್ಲವೆಂಬ ವಿವೇಕವೂ ಬೇಕು. ಎರಡು ವರ್ಷದವರೆಗೆ ಕಾಲು ತುಸು ಬಿಲ್ಲಾಗಿರುವುದೂ, ಮೂರು ನಾಲ್ಕರಲ್ಲಿ ಮೊಣಕಾಲು ತುಸು ಒಳಸರಿದಿರುವುದೂ ಸಹಜ. ಏಳರ ಹೊತ್ತಿಗೆ ಅದು ತಾನೇ ಸರಿಹೋಗುತ್ತದೆ. ನಮ್ಮ ನೆರೆಯ ಮುಂಡರಗಿಯ ಕಡೆಯವರು ಬಲ್ಲಂತೆ ಕುಡಿಯುವ ನೀರಿನ ಫ್ಲೋರೈಡೂ ಎಲುಬನ್ನು ಕೆಡಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿಯವರು ಫ್ಲೋರೈಡಿನ ಸೀಮೆಯಾದ ನಲಗೊಂಡದ ಹರೆಯದವರಲ್ಲಿ ಒಳಸರಿದ ಮೊಣಕಾಲುಗಳನ್ನು 1973ರಲ್ಲಿ ವರ್ಣಿಸಿದರು. ಅನ್ನದಲ್ಲಿ ಸುಣ್ಣ ಕಡಮೆಯಿದ್ದವರಿಗೆ ಆ ವಿಷ ಹೆಚ್ಚು ತಾಗುತ್ತದೆ. ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರಿನಿಂದಲೇ 1975ರ ಸುಮಾರಿಗೆ ಪ್ರಸಿದ್ಧವಾದ ಮಲೆನಾಡಿನ ಕೀಲುರೋಗವಂತೂ, ಮೊದಮೊದಲು ಗದ್ದೆಯ ಏಡಿಯನ್ನೂ ಕೀಟನಾಶಕವನ್ನೂ ಶಂಕಿಸಿದರೂ, ಕಡೆಗೆ ವಂಶಪಾರಂಪರ್ಯವಾಗಿ ಬರತಕ್ಕದ್ದೆಂದು ತಿಳಿಯಿತು. ಆದುದರಿಂದ ಓರೆಗಾಲನ್ನು ಕಂಡೊಡನೆ ಅಂಗಡಿಯಿಂದ ಮಾತ್ರೆ ತರುವುದಕ್ಕೆ ಮೊದಲು ರಕ್ತಪರೀಕ್ಷೆಯೂ ಮಣಿಕಟ್ಟಿನ ಎಕ್ಸ್‌ರೇಯೂ ಆಗತಕ್ಕದ್ದು. ಡಿ ಜೀವಸತ್ವವು ನೀರಿನಲ್ಲಿ ಕರಗಿ ಹೊರಹೋಗುವಂಥದಲ್ಲ, ಮೈಯ ಕೊಬ್ಬಿನಲ್ಲಿ ಶೇಖರವಾಗುವಂಥದು. 60,000 ಯೂನಿಟ್ಟಿನ ಪುಡಿಪೊಟ್ಟಣಗಳನ್ನು ಟಾನಿಕ್ಕೆಂದು ದಿನವೂ ಕೊಟ್ಟು ಮೂತ್ರಪಿಂಡ ಕೆಡಿಸಿದವರೂ ಉಂಟು. ಸಾಕಷ್ಟಿರುವ ಮಗುವಿಗೆ ಇನ್ನಷ್ಟು ಕೊಟ್ಟರೆ ಎಲುಬು ಇನ್ನಷ್ಟು ಬಲಿಯುವುದೂ ಇಲ್ಲ.

ಹಾಗಾದರೆ ಮಾಡತಕ್ಕದ್ದೇನು? ದಾರಿ ಕಠಿನವಲ್ಲ, ವೆಚ್ಚದ್ದೂ ಅಲ್ಲ. ಹುಟ್ಟಿದ ಕೂಸಿಗೆ ವರ್ಷ ತುಂಬುವವರೆಗೆ ದಿನಕ್ಕೆ 400 ಯೂನಿಟ್ ಡಿ ಜೀವಸತ್ವದ ಹನಿಗಳನ್ನು ಕೊಡಬೇಕೆಂದು 2016ರಲ್ಲಿ ಜಗತ್ತಿನ ತಜ್ಞರು ಒಮ್ಮತದಿಂದ ಹೇಳಿದ್ದಾರೆ. ಎದೆಹಾಲು ಕುಡಿಯುವ ಕೂಸಿಗೂ ಇದು ಸಲ್ಲುತ್ತದೆ. ಬಸುರಿ ಬಾಣಂತಿಯರಿಗೆ ಆಶಾ ಕಾರ್ಯಕರ್ತೆಯರು ತಂದುಕೊಡುವ ಸುಣ್ಣದ ಮಾತ್ರೆಗಳು ಗೂಡಿನಲ್ಲಿ ಉಳಿಯದೆ ಹೊಟ್ಟೆಗೆ ಹೋಗಬೇಕು. ನಮ್ಮ ರಾಜ್ಯದಲ್ಲಿ 2013ರ ಆಗಸ್ಟ್ 1ರಂದು ಆರಂಭವಾದ, ಶಾಲಾಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆಯ 150 ಮಿಲಿಲೀಟರ್ ಹಾಲಿನಲ್ಲಿ 150 ಮಿಲಿಗ್ರಾಮಿಗೂ ಮಿಕ್ಕ ಸುಣ್ಣವಿದೆ. 2024ರಿಂದ ವಾರದಲ್ಲಿ ಮೂರು ದಿನ ಆ ಹಾಲಿಗೆ ರಾಗಿಯ ಮಾಲ್ಟ್ ಕೂಡಿರುವುದು ಜೋಳದ ಸೀಮೆಯ ಮಕ್ಕಳಿಗೆ ವಿಶೇಷವಾಗಿ ಹಿತ. ಇವನ್ನು ಸರ್ಕಾರದ ಪುಕ್ಕಟೆಯೆಂದು ಉಪೇಕ್ಷಿಸತಕ್ಕದ್ದಲ್ಲ. ಶಾಲೆಯ ಆಟದ ತಾಸು ಹುಡುಗಿಯರಿಗೂ ಹುಡುಗರಷ್ಟೇ ಸಲ್ಲಬೇಕು; ಕೈಕಾಲುಗಳಿಗೆ ತುಸು ಹೊತ್ತು ಬಿಸಿಲು ತಾಗಿದರೆ ಮೈ ಕಪ್ಪಾಗಿ ಮದುವೆ ತಪ್ಪೀತೆಂಬ ಭಯಕ್ಕಿಂತ ಎಲುಬು ಸೊರಗಿ ಬಾಳು ಕೆಟ್ಟೀತೆಂಬ ಭಯ ದೊಡ್ಡದಾಗಬೇಕು.

ಮಹನೀಯರೆ, ಬಾಲ್ಯದ ಈ ಕೊರತೆಗೆ ಮುಪ್ಪಿನಲ್ಲಿ ಮದ್ದಿಲ್ಲ. ಬಾಲ್ಯದಲ್ಲಿ ಇದರ ಮದ್ದಿನಷ್ಟು ಸುಲಭವಾದುದು ಬೇರೆಯಿಲ್ಲ. ಎರೆಹೊಲದಲ್ಲಿ ಜೋಳ ಕಡಲೆಗಳನ್ನು ಬೆಳೆಯಬಲ್ಲ, ಮನೆಯ ಹಿತ್ತಿಲಲ್ಲಿ ನುಗ್ಗೆಯನ್ನೂ ಕೊಟ್ಟಿಗೆಯಲ್ಲಿ ಎಮ್ಮೆಯನ್ನೂ ಸಾಕಬಲ್ಲ ಊರಿನಲ್ಲಿ ಒಂದು ಮಗುವಾದರೂ ಈ ಕಾರಣದಿಂದ ಓರೆಗಾಲಿನದಾಗಿ ಬೆಳೆದರೆ ಅದು ದೈವದ ತಪ್ಪಲ್ಲ, ನಮ್ಮ ಅನಾದರದ ಫಲ. ಕೂಸಿಗೆ ಹನಿಯನ್ನು ತಪ್ಪಿಸಬೇಡಿರಿ. ಎರಡು ವರ್ಷವಾದರೂ ನೆಟ್ಟಗೆ ನಡೆಯದ ಮಗುವನ್ನು ಮಂತ್ರಿಸಿದ ದಾರ ಕಟ್ಟಿ ಕೂಡಿಸದೆ ವೈದ್ಯರಲ್ಲಿಗೆ ಕರೆತನ್ನಿರಿ. ಬೆಳಗಿನ ಹಾಲನ್ನು ಡೇರಿಗೆ ಅಳೆಯುವುದಕ್ಕೆ ಮೊದಲು ಮನೆಯ ಮಕ್ಕಳ, ಅವರಲ್ಲಿಯೂ ಹೆಣ್ಣುಮಕ್ಕಳ, ಪಾಲನ್ನು ತೆಗೆದಿಡಿರಿ ಎಂದು ಬೇಡಿಕೊಳ್ಳುತ್ತೇನೆ.